ಬಲೂನಿನ ಮಸಿ ಗಾಜು

ಗೆಳೆಯರೇ, ನಮ್ಮ ಬಲೂನು ಎಷ್ಟು ಎತ್ತರಕ್ಕೆ ಹೋಯಿತೋ ನಮಗೇ ಗೊತ್ತಿಲ್ಲ ಎಂಬ ಮಾತನ್ನು ಬಿಟ್ಟೇ ಬರೆಯಬೇಕೆಂದಿದ್ದೆ.

ಪ್ಲಾಸ್ಟಿಕ್ ಹಾಳೆಗಳನ್ನು ಇಸ್ತ್ರಿಪೆಟ್ಟಿಗೆಯಿಂದ ಬೆಸೆದು ನನ್ನ ವಿದ್ಯಾರ್ಥಿಗಳು ಮಾಡಿದ ಬಲೂನು ಚಿತ್ರದುರ್ಗದಿಂದ ಹಾರಿ ಬಿ.ದುರ್ಗ ಹಳ್ಳಿಯ ಹೊಲವೊಂದರಲ್ಲಿ ಬಿದ್ದಿತ್ತು. ಅದಕ್ಕೆ ಕಟ್ಟಿದ್ದ ಡಬ್ಬಿಯಲ್ಲಿ ಮಸಿ ಹಿಡಿಸಿದ ಗಾಜು ಇತ್ತು. ಬಲೂನು ಏರಿ ಗಾಳಿಯ ಒತ್ತಡ ಇಳಿದಂತೆ ಸೂಜಿಯೊಂದು ಆ ಮಸಿಯ ಮೇಲೆ ಗೀರುತ್ತದೆ; ಆ ಗೀರಿನಿಂದಲೇ ಎತ್ತರದ ಲೆಕ್ಕ. ಊರಿನವರು ಹೇಳಿಕಳಿಸಿದ್ದರಿಂದ ಇವತ್ತು ತರಲು ಹೋದೆವು. ಆ ಹೊಲದ ತಿಪ್ಪಮ್ಮ ಫಳಫಳ ಹೊಳೆಯುವ ಗಾಜನ್ನು ಸೆರಗಿನಲ್ಲಿ ಹಿಡಿದು ತಂದರು.

"ಲಾಟೀನಿನ ಗಾಜಿಗಿಂತ ಮಸಿ ಹಿಡಿದಿತ್ರೀ. ಬೂದಿ ಹಾಕಿ ತಿಕ್ಕಿ ಇಟ್ಟೀನಿ."

ವಿದ್ಯಾರ್ಥಿನಿ ಸರೋಜಾ ಗಾಜನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದಳು. "ಅಯ್ಯೋ, ಎತ್ತರ ಗೀರಿದ್ದೇ ಆ ಮಸಿ ಮ್ಯಾಲೆ ಕಣಮ್ಮ!"

"ಮುಗಿಲಿಗೆ ಹೋಗಿ ಬಂದೈತೆ ಅಂತ ಚೆಂದ ಮಾಡಿದ್ನವ್ವ. ಹಂಗಾರೆ ಎಷ್ಟು ಮ್ಯಾಲಕ್ಕೆ ಹೋಗಿತ್ತು?"

ನಾವೆಲ್ಲ ತಲೆಯೆತ್ತಿ ಆಕಾಶ ನೋಡಿದೆವು. ತಿಪ್ಪಮ್ಮ ನಮಗಿಂತ ಹೆಚ್ಚು ಹೊತ್ತು ನೋಡಿದರು. "ಇನ್ನೊಂದ್ಸಲ ಬಿಡ್ರಿ. ನಮ್ಮ ಹೊಲಕ್ಕೇ ಬೀಳ್ಲಿ, ಈ ಸಲ ಮುಟ್ಟಲ್ಲ."

ಬಿಡುತ್ತೇವೆ. ಆದರೆ ಬಲೂನು ಹೇಳಿದ ಹೊಲಕ್ಕೇ ಬೀಳುವುದಿಲ್ಲ. ಜಿಲ್ಲೆಯಲ್ಲಿ ಅಚ್ಚುಕಟ್ಟಾದ ಹೆಂಗಸರಿಗೂ ಕೊರತೆಯಿಲ್ಲ. ಡಬ್ಬಿಯ ಮೇಲೆ ಕಾಲೇಜಿನ ಹೆಸರಿನ ಜೊತೆ 'ತಿಕ್ಕಬೇಡಿ' ಎಂದೂ ಬರೆಯಬೇಕು. ಈ ಬರಹವನ್ನು ಕಾಲೇಜಿನ ಬೋರ್ಡಿಗೆ ನಾಳೆ, 6 ಡಿಸೆಂಬರ್ 1976ರಂದು, ಅಂಟಿಸುತ್ತೇನೆ.