ಉಳ್ಳೂರಿನಲ್ಲಿ ಕೇಳಿದ ಬ್ಲಾಕ್

ಕೊಚ್ಚಿಗೆ ಬರುವ ಮೊದಲು ಬ್ಲಾಕ್ ಅಂದರೆ ನನಗೆ ಮೈಸೂರಿನ ವಿಳಾಸದಲ್ಲಿ ಬರೆಯುವ ಒಂದು ಪದ, ಇಲ್ಲವೇ ನಮ್ಮ ಕಾನ್ವೆಂಟಿನಲ್ಲಿ ಚಿಕ್ಕ ತರಗತಿಗಳಿದ್ದ ಹೆಂಚಿನ ಕಟ್ಟಡ. ರಸ್ತೆಯಲ್ಲಿ ವಾಹನ ನಿಂತರೆ ಜಾಮ್ ಅನ್ನಬೇಕೆಂದು ಸಿಸ್ಟರ್ ಹೇಳಿಕೊಟ್ಟಿದ್ದರು. ಇಲ್ಲಿ ಯಾರೂ ಜಾಮ್ ಅನ್ನುವುದಿಲ್ಲ. ವಲ್ಲಾರ್ಪಾಡಂ ಬಂದರಿಗೆ ಹೋಗುವ ಕಂಟೇನರ್ ಲಾರಿ ಸೇತುವೆ ಬುಡದಲ್ಲಿ ಅಡ್ಡ ನಿಂತರೆ ಬ್ಲಾಕ್. ಸಿಂಕಿನಲ್ಲಿ ಕಾಯಿತುರಿ ಸಿಕ್ಕಿಕೊಂಡರೂ ಬ್ಲಾಕ್, ನೆಗಡಿಗೆ ಮೂಗು ಕಟ್ಟಿದರೂ ಬ್ಲಾಕ್. ಮನೆಗೆಲಸದವಳ ತಂಗಿಯ ಮದುವೆ ಮಾತು ಅರ್ಧಕ್ಕೆ ನಿಂತಾಗಲೂ ಅವಳು ಪೊರಕೆ ಹಿಡಿದುಕೊಂಡೇ, "ಒಂದು ಬ್ಲಾಕಾಯ್ತು ಚೇಚಿ" ಅಂದಿದ್ದಳು. ಎಂಥ ಅಡ್ಡಿಗೂ ಸಾಕಾಗುವ ಮಾತು. ಕೇಳಿದವರಿಗೆ ಅಷ್ಟು ಗಾಬರಿಯೂ ಆಗುವುದಿಲ್ಲ, ಇವತ್ತಲ್ಲ ನಾಳೆ ಬಿಡುತ್ತದೆ ಅನ್ನಿಸುತ್ತದೆ.

ನಮ್ಮ ಯಜಮಾನರದು ಕೇಂದ್ರ ಸರ್ಕಾರದ ಕಚೇರಿ. ಮೂರು ವರ್ಷಕ್ಕೆಂದು ಬಂದೆವು. ಮಗಳು ಶಾಲೆಯನ್ನೆಲ್ಲ ಇಲ್ಲೇ ಮುಗಿಸಿ ಈಗ ತಿರುವನಂತಪುರದಲ್ಲಿ ಕಾಲೇಜು ಓದುತ್ತಿದ್ದಾಳೆ. ಆದರೂ ನಮ್ಮ ಮನೆಯಲ್ಲಿ ಎಲ್ಲದಕ್ಕೂ ಒಂದೇ ಉತ್ತರ, "ಟ್ರಾನ್ಸ್‌ಫರ್ ಆದ್ಮೇಲೆ ನೋಡೋಣ." ಹೊಸ ಕಪಾಟು, ನನ್ನ ಹಲ್ಲಿನ ಚಿಕಿತ್ಸೆ, ಅಕ್ಕಪಕ್ಕದವರ ಓಣಂ ಊಟದ ಕರೆ, ಎಲ್ಲಕ್ಕೂ. ಮಲಯಾಳಂ ಕೂಡ ನಾನು ತರಕಾರಿಗೆ ಬೇಕಾದಷ್ಟೇ ಕಲಿತೆ. ಉಳಿದಲ್ಲೆಲ್ಲ ಮಗಳನ್ನು ಮುಂದೆ ಬಿಡುತ್ತಿದ್ದೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲೇ.

ಹೋದ ವರ್ಷ ಇವರು ಕಚೇರಿಯ ಮೀಟಿಂಗಿಗೆಂದು ತಿರುವನಂತಪುರಕ್ಕೆ ಹೋದವರು ಅಲ್ಲೇ ಎದೆ ಹಿಡಿದುಕೊಂಡು ಕೂತರು. ಮಗಳೇ ಓಡಿಬಂದು ಅಲ್ಲಿನ ಉಳ್ಳೂರಿನ ಹತ್ತಿರದ ಒಂದು ಆಸ್ಪತ್ರೆಗೆ ಸೇರಿಸಿದಳು. ಮರುದಿನ ನಾನು ರೈಲಿನಲ್ಲಿ ಹೋದೆ. ಸ್ಟೇಷನ್ನಿನಿಂದ ಹೊರಟ ಆಟೋ ದಾರಿಯಲ್ಲೆಲ್ಲೋ ನಿಂತೇಬಿಟ್ಟಿತು. ಡ್ರೈವರ್ ಇಂಜಿನ್ ಆರಿಸಿ, "ಬ್ಲಾಕಾಣು" ಅಂತ ಹಾಯಾಗಿ ಹಿಂದಕ್ಕೊರಗಿದ. ನನಗೆ ಇಳಿದು ಓಡಬೇಕೆನಿಸಿತು.

ವಾರ್ಡಿನ ಬಾಗಿಲಲ್ಲೇ ಮಗಳು ನನ್ನ ಕೈ ಹಿಡಿದು ಹೇಳಿದಳು, "ಅಮ್ಮ, ನೀನು ಗಾಬರಿಯಾಗಬೇಡ. ಅಪ್ಪನಿಗೆ ಒಂದು ಚಿಕ್ಕ ಬ್ಲಾಕ್ ಇದೆ. ಮಾತ್ರೆ ತೆಗೆದುಕೊಂಡರೆ ಕರಗುತ್ತದೆ. ನಾಳೆ ಮನೆಗೆ ಹೋಗಬಹುದು."

ನನ್ನನ್ನು ಹೆದರಿಸಿದ್ದು ಸುದ್ದಿಯಲ್ಲ, ಅವಳ ಕನ್ನಡ. ಎಷ್ಟೋ ವರ್ಷದಿಂದ ಒಂದು ವಾಕ್ಯ ನೆಟ್ಟಗೆ ಆಡದ ಹುಡುಗಿ ಪಾಠ ಒಪ್ಪಿಸಿದ ಹಾಗೆ ಆಡಿದಳು. ಯಾರೋ ಹೇಳಿಕೊಟ್ಟಿದ್ದಾರೆ. ಯಾರೋ ಏನು, ಅಲ್ಲೇ ಹಾಸಿಗೆಯಲ್ಲಿ ಮಲಗಿ ಸುಮ್ಮನೆ ಫ್ಯಾನ್ ನೋಡುತ್ತಿದ್ದಾರಲ್ಲ.

"ನಿಜ ಹೇಳಿ" ಅಂದೆ.

"ಏನಿಲ್ಲ ಕಣೇ. ಏನೋ ಆಪರೇಷನ್ ಅಂತಾರೆ. ಈ ಸಲದ ಟ್ರಾನ್ಸ್‌ಫರ್ ಲಿಸ್ಟಲ್ಲಿ ನನ್ನ ಹೆಸರು ಬಂದೇ ಬರುತ್ತೆ. ಮೈಸೂರಲ್ಲಿ ನಮ್ಮೋರೆಲ್ಲ ಇದಾರೆ, ಅಲ್ಲೇ ಮಾಡಿಸ್ಕೊಂಡ್ರಾಯ್ತು. ಇಲ್ಲಿ ಯಾರಿದಾರೆ ನಮಗೆ?"

ಮಗಳು ಅತ್ತ ತಿರುಗಿ ದುಪಟ್ಟಾದ ತುದಿ ಹಿಂಡುತ್ತಿದ್ದಳು. ನಾನು ಅವಳನ್ನು ಕರೆಯದೆ ಒಬ್ಬಳೇ ಡಾಕ್ಟರ್ ಕೋಣೆಗೆ ಹೋದೆ. ಆಕೆ ನನ್ನ ಇಂಗ್ಲಿಷ್ ಕೇಳಿ ತುಸು ಆಶ್ಚರ್ಯಪಟ್ಟರು. ನಿನ್ನೆಯಿಂದ ಎಲ್ಲವನ್ನೂ ಮಗಳಿಗೇ ಹೇಳಿದ್ದರಂತೆ. ಹೃದಯಕ್ಕೆ ಹೋಗುವ ನಾಳಗಳಲ್ಲಿ ಒಂದು ಕಡೆ ಅಲ್ಲ, ಮೂರು ಕಡೆ. ಸ್ಟೆಂಟ್ ಹಾಕಿ ಸರಿಮಾಡುವಂಥದ್ದಲ್ಲ, ಬೈಪಾಸೇ ಆಗಬೇಕು.

"ಕೆಲವು ತಿಂಗಳು ಕಾಯಬಹುದಾ? ಟ್ರಾನ್ಸ್‌ಫರ್ ತನಕ?" ಅಂತ ನನ್ನ ಬಾಯಿಂದಲೂ ಅದೇ ಬಂತು.

"ನನ್ನ ಅಣ್ಣನಾಗಿದ್ದರೆ ಮನೆಗೂ ಕಳಿಸುತ್ತಿರಲಿಲ್ಲ" ಅಂದರು.

ವಾಪಸು ಬಂದು ಇವರಿಗೆ ಹೇಳಿದೆ, "ಇಲ್ಲೇ ಮಾಡಿಸೋದು. ಹೂಂ ಅಂತ ಹೇಳಿಬಂದಿದೀನಿ."

"ನನ್ನನ್ನು ಕೇಳಬೇಕಾಗಿತ್ತು."

"ಕೇಳಿದ್ರೆ ನೀವೇನಂತಿದ್ರಿ ಅಂತ ಗೊತ್ತಿತ್ತು."

ಅವರು ಗೋಡೆ ಕಡೆ ತಿರುಗಿದರು. ಊಟ ಬಂತು, ಮುಟ್ಟಲಿಲ್ಲ. ಮಗಳು ಮಲಯಾಳದಲ್ಲಿ ಏನೇನೋ ರಮಿಸಿದಳು, ಅದಕ್ಕೂ ಇತ್ತ ತಿರುಗಲಿಲ್ಲ. ಅವರು ಒಪ್ಪದಿದ್ದರೆ ಯಾರು ತಾನೇ ಕುಯ್ಯುತ್ತಾರೆ?

ಅಷ್ಟರಲ್ಲಿ ನರ್ಸ್ ಬಂದು ರಕ್ತ ಕೊಡುವವರು ಬೇಕು, ಒಬ್ಬಿಬ್ಬರು ಸಾಲದು ಅಂದಳು. ಮೈಸೂರಿನವರು ತಕ್ಷಣ ಬಂದು ಮುಟ್ಟುವುದಿಲ್ಲ. ಮಗಳು ಹಾಸ್ಟೆಲಿನ ಗೆಳತಿಯರನ್ನು ಕೇಳುತ್ತೇನೆಂದು ಹೊರಗೆ ಹೋದಳು. ನಾನು ಫೋನಿನಲ್ಲಿ ಹೆಸರುಗಳನ್ನು ಸರಿಸುತ್ತಾ ಹೋದೆ. ಗ್ಯಾಸಿನವನು, ಪ್ಲಂಬರ್, ಟೈಲರ್. ಕೊನೆಗೆ ಕೊಚ್ಚಿಯ ನಮ್ಮ ಕೆಳಗಿನ ಮನೆಯಾಕೆಗೆ ಫೋನ್ ಮಾಡಿದೆ. ಮೆಟ್ಟಿಲಲ್ಲಿ ನಕ್ಕದ್ದು ಬಿಟ್ಟರೆ ನಮಗೆ ಬೇರೆ ಪರಿಚಯವಿಲ್ಲ. ಇಂಗ್ಲಿಷು, ಮಲಯಾಳಂ ಬೆರೆಸಿ ಹೇಗೋ ಹೇಳಿದೆ.

ಆ ಕಡೆಯಿಂದ ಜೋರಾದ ಬೈಗುಳ. "ಎಂದಾ ಚೇಚಿ ಇದು! ನಿನ್ನೆಯೇ ಹೇಳಬಾರದಿತ್ತಾ? ನನ್ನ ತಮ್ಮ ಅಲ್ಲೇ ತಿರುವನಂತಪುರದಲ್ಲಿದ್ದಾನೆ, ಅವನ ಆಫೀಸಿನ ಹುಡುಗರನ್ನೆಲ್ಲ ಎಬ್ಬಿಸಿ ಕಳಿಸುತ್ತೇನೆ. ಚೇಟ್ಟನದು ಯಾವ ಬ್ಲಡ್ ಗ್ರೂಪು?"

ಇವರ ಗ್ರೂಪು ನನಗೆ ಹೊಳೆಯಲಿಲ್ಲ. ಇಷ್ಟು ವರ್ಷ ಜೊತೆಗಿದ್ದೂ ಗೊತ್ತಿಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡೇ ಹಾಸಿಗೆಯ ಕಡೆ ನೋಡಿದೆ. ಫೋನಿನ ದನಿ ಅವರಿಗೂ ಕೇಳಿಸಿರಬೇಕು.

ಗೋಡೆಗೆ ಮುಖ ಮಾಡಿಕೊಂಡೇ, "ಬಿ ಪಾಸಿಟಿವ್" ಅಂದರು.