ಸಂಚಿಯೊಳಗಿನ ಬೆಲ್ಲ

ಅವ್ವನಿಗೆ ಸಕ್ಕರೆ ಬೇನೆ ಎಂದು ಗೊತ್ತಾದ ಮೇಲೆ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದದ್ದೇ ಸೂಜಿ ಕುದಿಸುವುದರಿಂದ. ಇಸವಿ ಸಾವಿರದ ಒಂಬೈನೂರ ಅರವತ್ತರ ಆಸುಪಾಸು. ನಾನು ವಿಜಾಪುರದ ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆ ಹಿಡಿದು ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುವ ಅಕ್ಕಾವರಾಗಿದ್ದೆ. ಮನೆಯಲ್ಲಿ ನಾವಿಬ್ಬರೇ. ಸ್ಟೋವಿಗೆ ಪಂಪು ಹೊಡೆದು, ಗಾಜಿನ ಸಿರಿಂಜು ಕುದಿಸಿ, ತಂಪಿಗೆಂದು ಹಸಿ ಉಸುಕಿನ ಗಡಿಗೆಯಲ್ಲಿಟ್ಟ ಇನ್ಸುಲಿನ್ ಬಾಟಲಿ ತೆಗೆದು, ಅವ್ವನ ತೊಡೆಗೆ ಚುಚ್ಚಿ, ರೊಟ್ಟಿ ತಿನ್ನಿಸಿ ಶಾಲೆಗೆ ಓಡಬೇಕು. ಹಬ್ಬವಿಲ್ಲ, ರವಿವಾರವಿಲ್ಲ. ಸಾಕಾಗಿ ಹೋಗಿತ್ತು. ಹಡೆದವ್ವನ ಬಗ್ಗೆ ಹೀಗೆ ಬರೆಯಬಾರದು ಎನ್ನುವವರು ಒಂದು ತಿಂಗಳು ಚುಚ್ಚಿ ನೋಡಲಿ.

ಡಾಕ್ಟರು ಇನ್ನೊಂದು ಮಾತು ಹೇಳಿದ್ದರು: "ಸೂಜಿ ಮಾಡಿದ ಮ್ಯಾಲೆ ಊಟ ತಡ ಆದ್ರ ಸಕ್ಕರಿ ಒಮ್ಮಿಗೇ ಇಳೀತೈತ್ರಿ. ಮೈ ಬೆವತು ಕೈ ನಡುಗಾಕತ್ತಿದ್ರ ದಾರಿ ನೋಡಬ್ಯಾಡ್ರಿ, ಬೆಲ್ಲ ಬಾಯಾಗ ಹಾಕ್ರಿ. ಹುಷಾರಾದ ಮ್ಯಾಲೆ ಅರ್ಧ ರೊಟ್ಟಿ ತಿನಸ್ರಿ."

ಅಂದಿನಿಂದ ಅವ್ವನ ಎಲೆಅಡಿಕೆ ಸಂಚಿಯಲ್ಲಿ ಒಂದು ಹೆಂಟೆ ಬೆಲ್ಲ. ಅವ್ವನಿಗೋ ಬೆಲ್ಲವೆಂದರೆ ಪ್ರಾಣ. ಕೈ ನಡುಗದಿದ್ದರೂ ಅದು ಕರಗುತ್ತಿತ್ತು. ಕೇಳಿದರೆ, "ಇರಿವಿ ತಿಂದಿರಬೇಕ ಬಿಡ ಯವ್ವಾ," ಎನ್ನುವಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ಬಬಲೇಶ್ವರದಲ್ಲಿದ್ದ ಅವ್ವನ ತಂಗಿ, ನನ್ನ ಚಿಗವ್ವ, ಊಟಕ್ಕೆ ಕರೆದಿದ್ದಳು. ಹೊರಡುವ ಮುಂಜಾನೆ ನೋಡಿದರೆ ಸಂಚಿ ಮತ್ತೆ ಖಾಲಿ. ನಾನು ಸಿಡಿದೆ.

"ಇಷ್ಟ ವಯಸ್ಸಾದ್ರೂ ನಾಲಗಿ ಹಿಡಿತದಾಗ ಇಲ್ಲಲ್ಲಬೇ ನಿಂದು! ಇನ್ನ ಮ್ಯಾಲೆ ಬೆಲ್ಲ ನನ್ನ ಹಂತ್ಯಾಕ ಇರತೈತಿ. ನನ್ನ ಕೇಳದ ಒಂದು ಚೂರು ಬಾಯಾಗ ಹಾಕಿದ್ರ ನೋಡು!"

ಅವ್ವ ಖಾಲಿ ಸಂಚಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಾನು ಹೊಸ ಹೆಂಟೆಯನ್ನು ಕಾಗದದಲ್ಲಿ ಸುತ್ತಿದೆ.

ನಡುದಾರಿಯ ಸಾರವಾಡದಲ್ಲಿ ಬಸ್ಸಿನ ಗಾಲಿ ಪಂಕ್ಚರಾಯಿತು. ಚಿಗವ್ವನ ಮನೆ ಮುಟ್ಟಿದಾಗ ಊಟದ ಹೊತ್ತು ಮೀರಿತ್ತು. ನಮ್ಮ ಕಡೆ ಮನೆಗೆ ಬಂದವರ ಕೈಗೆ ಮೊದಲು ಬೆಲ್ಲ, ನೀರು. ವೈರಿ ಬಂದರೂ ತಪ್ಪದ ರೂಢಿ. ಅಂದು ಚಿಗವ್ವ ಬರೀ ನೀರಿನ ತಂಬಿಗೆ ತಂದಳು.

ತಂಬಿಗೆ ಹಿಡಿದ ಅವ್ವನ ಕೈ ನಡುಗಿ ನೀರು ಸೀರೆಯ ಮೇಲೆ ಚೆಲ್ಲಿತು. ಹಣೆ ಬೆವತಿತ್ತು. ನಾನು ಚೀಲಕ್ಕೆ ಕೈ ಹಾಕಿದೆ. ಬೆಲ್ಲವಿಲ್ಲ. ಕಾಗದದಲ್ಲಿ ಸುತ್ತಿ ಅಡುಗೆಮನೆಯ ಗೂಡಿನಲ್ಲೇ ಮರೆತು ಬಂದಿದ್ದೆ.

"ಚಿಗವ್ವಾ, ಬೆಲ್ಲ ತಾ, ಲಗೂನ!"

"ಬೆಲ್ಲಾ? ಅಕ್ಕಗ ಸಕ್ಕರಿ ಬ್ಯಾನಿ ಅಲ್ಲೇನ? ಕಂಡ್ರ ಆಕಿಗೆ ಆಶಾ ಆಗಬಾರದಂತ ಬೆಲ್ಲ, ಸಕ್ಕರಿ ಎಲ್ಲಾ ಬಾಜೂ ಮನ್ಯಾಗ ಇಟ್ಟ ಬಂದೇನಿ. ಹಾಗಲಕಾಯಿ ರಸ ಮಾಡೇನಿ, ಕೊಡ್ಲೇನ?"

"ರಸ ಅತ್ಲಾಗ ಇಡು! ಬೆಲ್ಲ ಇಲ್ಲಂದ್ರ ಅವ್ವ ಉಳಿಯೂದಿಲ್ಲ!"

ಚಿಗವ್ವ ಓಡಿದಳು. ಅವ್ವ ನನ್ನ ಹೆಗಲಿಗೆ ವಾಲಿದಳು. ರವಿಕೆ ಪೂರ್ತಿ ತೊಯ್ದಿತ್ತು. ಈ ಸೂಜಿಯ ಕೆಲಸ ಒಮ್ಮೆ ಮುಗಿದರೆ ಸಾಕಪ್ಪಾ ಎಂದು ಎಷ್ಟೋ ಮುಂಜಾನೆ ಅಂದುಕೊಂಡವಳು ನಾನು. ಅದು ಮುಗಿಯುವುದೆಂದರೆ ಏನೆಂದು ಆಗ ತಿಳಿಯಿತು. ನೂರು ವರ್ಷ ಚುಚ್ಚುತ್ತೇನೆ, ಇವಳು ಇರಲಿ ಎಂದು ಬೇಡಿಕೊಂಡೆ.

ಚಿಗವ್ವ ಏದುತ್ತ ಬಂದು ಅವ್ವನ ಅಂಗೈಯಲ್ಲಿ ಬೆಲ್ಲ ಇಟ್ಟಳು. ಅವ್ವನ ಕೈ ಬಾಯಿಯ ಹತ್ತಿರ ಹೋಗಿ ನಿಂತುಬಿಟ್ಟಿತು. ನನ್ನ ಮುಖ ನೋಡಿದಳು. ಆ ಕಣ್ಣುಗಳಲ್ಲಿ ಇದ್ದದ್ದು ನನ್ನ ಬಗೆಗಿನ ಹೆದರಿಕೆ.

"ತಿನ್ನಲೇನ ಯವ್ವಾ?"

ನಾನೇ ಬೆಲ್ಲ ಒಡೆದು ಅವಳ ಬಾಯಿಗಿಟ್ಟೆ. ಸ್ವಲ್ಪ ಹೊತ್ತಿಗೆ ಬೆವರು ಆರಿತು. ಅರ್ಧ ರೊಟ್ಟಿ ತಿಂದಳು. ಚಿಗವ್ವ ಮೂಲೆಯಲ್ಲಿ ಕೂತು ಅಳುತ್ತಿದ್ದಳು. ಅವಳ ತಪ್ಪೇನು, ಪ್ರೀತಿಯಿಂದ ಮಾಡಿದ್ದಳು. ನಾನು ಸಿಟ್ಟಿನಿಂದ ಮಾಡಿದ್ದೆ.

ಮರುದಿನ ಸಂಚಿಗೆ ಬೆಲ್ಲ ಹಾಕಿ ಅವ್ವನ ಕೈಗೇ ಕೊಟ್ಟೆ. "ನನ್ನ ಕೇಳಬ್ಯಾಡಬೇ, ಕೈ ನಡುಗಿದ ಕೂಡಲೆ ತಿನ್ನು," ಅಂದೆ. ಹೂಂ ಅಂದಳು. ಆಮೇಲೆ ಐದು ವರ್ಷ ಬದುಕಿದಳು. ಆ ಐದು ವರ್ಷವೂ ಕೈ ನಡುಗಿದಾಗಲೆಲ್ಲ ಸಂಚಿ ಬಿಚ್ಚಿ, ಬೆಲ್ಲ ಅಂಗೈಯಲ್ಲಿಟ್ಟುಕೊಂಡು, ಮೊದಲು ನನ್ನ ಮುಖ ನೋಡುತ್ತಿದ್ದಳು.