ನೀರುಕೋಳಿಗಳ ಚೀಲ ಬಿಚ್ಚಿದ ದಿನ

ಹಕ್ಕಿ ನೋಡಲೆಂದೇ ಯಾರಾದರೂ ಕೆರೆಗೆ ಹೋಗುತ್ತಾರೆಂದರೆ ಊರವರು ನಗುತ್ತಿದ್ದ ದಿನಗಳು ಅವು. ಹಗರಿಬೊಮ್ಮನಹಳ್ಳಿಯ ಕಡೆಯ ನಮ್ಮೂರಿಗೆ ಬೆನ್ನಿಗೇ ಕೆರೆ. ನೀರೊಳಗೆ ನಿಂತ ಜಾಲಿಮರಗಳ ತುಂಬ ಕೊಕ್ಕರೆ ಗೂಡುಗಳು. ಚಳಿ ಸರಿದು ಬೇವು ಹೂಬಿಡುವ ಹೊತ್ತಿಗೆ ಮರಿಗಳು ದೊಡ್ಡವಾಗಿರುತ್ತಿದ್ದವು. ಆಗ ಕೆರೆಯ ಕಡೆಯಿಂದ ಬೀಸುವ ಗಾಳಿಯಲ್ಲಿ ಬೇವಿನ ಹೂವಿನ ಘಮದ ಜೊತೆ ಮೀನಿನ, ಹಿಕ್ಕೆಯ ನಾತವೂ ಬೆರೆತು ಬರುತ್ತಿತ್ತು. ನನಗೆ ಈಗಲೂ ವಸಂತವೆಂದರೆ ಆ ವಾಸನೆಯೇ.

ನಾವು ಮೂವರು. ನಾನು ಕಿರಾಣಿ ಅಂಗಡಿಯವರ ಮಗಳು. ಸುಜಾತಾ ನನ್ನ ಬೆಂಚಿನವಳು. ಅವಳಪ್ಪ ಪೇಟೆಯ ಕಚೇರಿಯೊಂದರಲ್ಲಿ ಗುಮಾಸ್ತರು. ಅವರ ಪಡಸಾಲೆಯಲ್ಲಿ ಬುದ್ಧನ ಪಟದ ಕೆಳಗೆ ಹಳೆಯ ದುರ್ಬೀನೊಂದು ತೂಗುತ್ತಿತ್ತು. ಮೂರನೆಯವ ಕೊಟ್ರೇಶಿ. ನಮ್ಮ ಏಳನೆಯ ತರಗತಿಯಲ್ಲಿ ಅವನಷ್ಟು ಜಗಳಗಂಟ ಇನ್ನೊಬ್ಬನಿರಲಿಲ್ಲ. ಮೊದಲು ಕವಣೆ ಹಿಡಿದು ಹಕ್ಕಿ ಹೊಡೆಯಲು ಬರುತ್ತಿದ್ದವನು, ಸುಜಾತಾ ಒಮ್ಮೆ ದುರ್ಬೀನನ್ನು ಅವನ ಕೈಗಿಟ್ಟ ಮೇಲೆ ಕವಣೆಯನ್ನು ಮರೆತೇಬಿಟ್ಟಿದ್ದ.

ಹೋಳಿ ಮುಗಿದ ಮೇಲಿನ ಭಾನುವಾರ. ಕೊಟ್ರೇಶಿಯ ಕಿವಿಯ ಹಿಂದೆ ಗುಲಾಬಿ ಬಣ್ಣ ಇನ್ನೂ ಅಂಟಿಕೊಂಡಿತ್ತು. ಏರಿಯ ಮೇಲೆ ಕೂತು ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತ ನಮ್ಮ ಆಟ ಆಡುತ್ತಿದ್ದೆವು. ಮೊದಲು ಯಾರು ಕಂಡರೋ ಹಕ್ಕಿ ಅವರದು.

"ಆ ಕೆಂಪು ಮೂತಿ ಕೊಕ್ಕರಿ ನಂದು," ಅಂದ ಕೊಟ್ರೇಶಿ.

"ನೀ ನಿನ್ನೆನೂ ಅದನ್ನ ತಗೊಂಡಿದ್ದಿ, ಬ್ಯಾರೇದು ಹುಡುಕಲೇ," ಅಂದಳು ಸುಜಾತಾ.

ಅಷ್ಟರಲ್ಲಿ ದಡದ ಮರದಿಂದ ಮರಿಯೊಂದು ಕೆಸರಿಗೆ ಬಿತ್ತು. ಅದು ಎದ್ದು ನಿಲ್ಲುವುದರೊಳಗೆ ಎರಡು ನಾಯಿಗಳು ಬಂದು ಆಚೆ ಈಚೆ ಹಿಡಿದು ಎಳೆದವು. ಸುಜಾತಾ ಕಣ್ಣು ಮುಚ್ಚಿಕೊಂಡಳು.

"ನಾಯಿಗೂ ಹೊಟ್ಟಿ ಐತಲ್ಲ, ಅಳಬ್ಯಾಡ," ಅಂದ ಕೊಟ್ರೇಶಿ. ಆದರೆ ಅವನೂ ಕೈಯಲ್ಲಿದ್ದ ರೊಟ್ಟಿಯನ್ನು ಕೆಳಗಿಟ್ಟ.

ಆಗಲೇ ಜೊಂಡಿನ ಕಡೆಯಿಂದ ಹಕ್ಕಿಗಳ ಚೀರಾಟ ಕೇಳಿಸಿತು. ಹೋಗಿ ನೋಡಿದರೆ ಮೂವರು ಗಂಡಸರು ಬಲೆ ಎಳೆಯುತ್ತಿದ್ದರು. ಬಲೆಯ ತುಂಬ ನೀರುಕೋಳಿ, ಹಣೆಗೆ ಬಿಳಿ ನಾಮ ಇಟ್ಟಂಥ ಕರಿಯ ಹಕ್ಕಿಗಳು. ಒಬ್ಬ ಒಂದೊಂದನ್ನೇ ಬಿಡಿಸಿ, ಹಾರಿಹೋಗದಿರಲೆಂದು ಎರಡೂ ರೆಕ್ಕೆ ತಿರುಚಿ ಚೀಲಕ್ಕೆ ತುಂಬುತ್ತಿದ್ದ. ಒಣಗಿದ ಹತ್ತಿಕಟ್ಟಿಗೆ ಮುರಿದಂಥ ಸದ್ದು. ಅವನು ಕೊಟ್ರೇಶಿಯ ಸೋದರಮಾವ ನಿಂಗಪ್ಪ. ಅಪ್ಪ ತೀರಿಹೋದ ಮೇಲೆ ಕೊಟ್ರೇಶಿ, ಅವನವ್ವ ಇದ್ದದ್ದು ಈ ಮಾವನ ಮನೆಯಲ್ಲೇ.

"ಮಾವ, ಬಿಡು. ಅವು ಭಾಳ ದೂರದಿಂದ ಬಂದಾವ," ಅಂದ ಕೊಟ್ರೇಶಿ.

"ದೂರದಿಂದ ಬಂದ್ರ ಸಾರಿಗೆ ರುಚಿ ಕಮ್ಮಿ ಆಕ್ಕತೇನು? ಮನಿಗಿ ನಡಿ."

ಜೊತೆಯವರಿಬ್ಬರೂ ನಕ್ಕರು. ಅವರು ನಗುತ್ತಿರುವಾಗಲೇ ಸುಜಾತಾ ಹೋಗಿ ಚೀಲದ ಬಾಯಿ ಬಿಚ್ಚಿ ನೆಲಕ್ಕೆ ಸುರಿದಳು. ಹಕ್ಕಿಗಳು ಹಾರಲಿಲ್ಲ. ಮುರಿದ ರೆಕ್ಕೆ ಎಳೆದುಕೊಂಡು ಒಂದರ ಮೇಲೊಂದು ಬೀಳುತ್ತ ನೀರಿನ ಕಡೆ ತೆವಳಿದವು. ನಿಂಗಪ್ಪ ಅವಳ ಜಡೆ ಹಿಡಿದು ತಿರುಗಿಸಿ ಬಾಯಿಯ ಮೇಲೆ ಹೊಡೆದ.

"ನಿಮ್ಮ ಓಣಿಯವರು ನಮಗ ಬುದ್ಧಿ ಹೇಳೋವಷ್ಟು ದೊಡ್ಡೋರಾದ್ರೇನು?"

ಕಲ್ಲಿಗೆ ಬಿದ್ದ ಅವಳ ತುಟಿ ಸೀಳಿ ರಕ್ತ ಗಲ್ಲದವರೆಗೆ ಇಳಿಯಿತು. ಕೊಟ್ರೇಶಿ ಬಲೆಯ ಗೂಟ ಕಿತ್ತು ಮಾವನ ಮೊಣಕಾಲಿಗೆ ಬೀಸಿದ. ನಿಂಗಪ್ಪ ಒಂದು ಗಳಿಗೆ ಅವನನ್ನೇ ನೋಡಿದ. ಆಮೇಲೆ ಅದೇ ಗೂಟ ಕಸಿದುಕೊಂಡು ಹೊಡೆಯತೊಡಗಿದ. ಬೆನ್ನಿಗೆ, ತೊಡೆಗೆ, ತಡೆಯಲು ಎತ್ತಿದ ಬಲಗೈಗೆ. ಕೈ ಮುರಿದದ್ದು ನನಗೆ ಕಣ್ಣಿಗೆ ಕಾಣುವ ಮೊದಲು ಕಿವಿಗೆ ಕೇಳಿಸಿತು.

ನಾನು ಓಡಿದೆ. ಕೆರೆಯ ಹಿಂದಿನ ಬಯಲಲ್ಲಿ ಸುಜಾತಳ ದೊಡ್ಡಪ್ಪನ ಮಗ ರಮೇಶಣ್ಣ ಮತ್ತು ಅವರ ಓಣಿಯ ಹುಡುಗರು ಕ್ರಿಕೆಟ್ ಆಡುತ್ತಿದ್ದರು. "ಸುಜಿಗೆ ಹೊಡ್ಯಾಕತ್ಯಾರ," ಅಂದದ್ದಷ್ಟೇ. ಬ್ಯಾಟು, ಸ್ಟಂಪು ಹಿಡಿದೇ ಬಂದರು. ಅವರನ್ನು ಕಂಡ ಕೂಡಲೇ ಆ ಇಬ್ಬರು ಬೈಕು ಹತ್ತಿ ಪರಾರಿ. ನಿಂಗಪ್ಪ ಕೆಸರಲ್ಲಿ ಜಾರಿ ಬಿದ್ದ. ಬಿದ್ದವನು ಏಳಲು ಅವರು ಬಿಡಲಿಲ್ಲ. ಅಷ್ಟು ಜನ ಒಬ್ಬನನ್ನು ಹೊಡೆಯುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮೊದಮೊದಲು ಅವನು ಬಯ್ದ, ಆಮೇಲೆ ಬೇಡಿಕೊಂಡ, ಆಮೇಲೆ ಸುಮ್ಮನಾದ. ಸುಮ್ಮನಾದ ಮೇಲೂ ಹೊಡೆಯುತ್ತಲೇ ಇದ್ದರು. ಕೆಸರು, ರಕ್ತ ಮೆತ್ತಿದ ಅವನ ಮುಖ ಗುರುತು ಸಿಗದಂತಾಗಿತ್ತು.

ಆಗ ಕೊಟ್ರೇಶಿ, ಜೋತಾಡುವ ಕೈಯನ್ನು ಇನ್ನೊಂದರಲ್ಲಿ ಹಿಡಿದುಕೊಂಡು ಬಂದು, ಮಾವನ ಮೇಲೆ ಅಡ್ಡ ಬಿದ್ದ.

"ಬಿಡ್ರಣ್ಣಾ, ಸಾಯ್ತಾನ. ನಮ್ಮವ್ವಗ ಇವನೊಬ್ಬನ ಅದಾನ."

ಬೀಸಿದ ಏಟೊಂದು ಅವನ ಬೆನ್ನ ಮೇಲೂ ಬಿತ್ತು. ಮತ್ತೆ ಬ್ಯಾಟು ಎತ್ತಿದ ರಮೇಶಣ್ಣನ ಕೈಗೆ ಸುಜಾತಾ ಜೋತುಬಿದ್ದಳು. ಮಾತಾಡಿದರೆ ಬಾಯಿಂದ ರಕ್ತ ಹಾರುತ್ತಿತ್ತು.

"ಅಣ್ಣಾ, ಹೊಡಿಸ್ಕೊಂಡಾಕಿ ನಾನು. ಸಾಕು ಅಂತ ನಾನ ಹೇಳಾಕತ್ತೀನಿ."

ಆಗ ನಿಲ್ಲಿಸಿದರು.

ಗಾಯಗೊಂಡವರನ್ನು ಊರವರು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಪೇಟೆಯ ದವಾಖಾನೆಗೆ ಒಯ್ದರು. ನಿಂಗಪ್ಪ ಬದುಕಿದ, ಆದರೆ ಮೊದಲಿನ ಮನುಷ್ಯನಾಗಲಿಲ್ಲ. ಸಂಜೆಯ ಹೊತ್ತಿಗೆ ಎರಡು ಓಣಿಗಳ ನಡುವೆ ಕಲ್ಲು ತೂರಾಟ ಶುರುವಾಯಿತು. ಅಪ್ಪ ಅಂಗಡಿಯ ಬಾಗಿಲು ಹಾಕಿ ನಮ್ಮನ್ನೆಲ್ಲ ಅಡುಗೆಮನೆಯಲ್ಲಿ ಕೂರಿಸಿದರು. ತಗಡಿನ ಮೇಲೆ ಕಲ್ಲು ಬೀಳುತ್ತಿದ್ದವು. ಪೊಲೀಸ್ ವ್ಯಾನು ಬಂದ ಮೇಲೆ ಊರು ತಣ್ಣಗಾಯಿತು. ಯಾರು ಯಾರ ಹುಡುಗಿಗೆ ಹೊಡೆದರು, ಯಾರು ಯಾರ ಗಂಡಸಿಗೆ ಹೊಡೆದರು ಎಂಬುದೇ ಎಲ್ಲರ ಬಾಯಲ್ಲಿ. ಹಕ್ಕಿಗಳ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ಬೇಸಿಗೆ ರಜೆಯೊಳಗೆ ಸುಜಾತಳ ಅಪ್ಪ ಮನೆ ಖಾಲಿ ಮಾಡಿ ಹೊಸಪೇಟೆಗೆ ಹೋದರು. ಹೇಳಿ ಹೋಗಲಿಕ್ಕೂ ಅವಳನ್ನು ನಮ್ಮನೆಗೆ ಕಳಿಸಲಿಲ್ಲ. ಕೈಗೆ ಪಟ್ಟಿ ಕಟ್ಟಿಕೊಂಡ ಕೊಟ್ರೇಶಿ ಒಂದು ದಿನ ಬೆಲ್ಲ ಒಯ್ಯಲು ಅಂಗಡಿಗೆ ಬಂದ.

"ಸುಜಿ ಹೋದ್ಲಾ?"

"ಹೋದ್ಲು. ನಿಮ್ಮ ಮಾವ ಹೆಂಗದಾನ?"

"ಸುಮ್ನ ಕುಂತಿರ್ತಾನ. ಯಾರು ಕೊಟ್ಟರೂ ಉಣ್ಣಂಗಿಲ್ಲ. ನಾ ಎಡಗೈಲೆ ತುತ್ತು ಮಾಡಿ ಕೊಟ್ರ ಉಣ್ತಾನ."

ಇನ್ನೇನೋ ಹೇಳುವವನಿದ್ದ. ಒಳಗಿನಿಂದ ಅಪ್ಪ ಕೆಮ್ಮಿದರು. ಅವನು ಬೆಲ್ಲ ತೆಗೆದುಕೊಂಡು ಹೊರಟುಹೋದ. ಮುಂದಿನ ವರ್ಷ ಅವನವ್ವ ಮಗನನ್ನೂ ತಮ್ಮ ನಿಂಗಪ್ಪನನ್ನೂ ಕರೆದುಕೊಂಡು ಹಿರೇಹಡಗಲಿಯ ನೆಂಟರ ಕಡೆ ಹೋದಳು. ಆಮೇಲೆ ಅವನನ್ನು ನಾನು ನೋಡಿಲ್ಲ.

ಈಗ ಕೆರೆಗೆ ಕಾವಲಿನವರಿದ್ದಾರೆ. ಬಲೆ ಹಾಕುವ ಧೈರ್ಯ ಯಾರಿಗೂ ಇಲ್ಲ. ಹಕ್ಕಿಗಳು ಆಗಿನದಕ್ಕಿಂತ ಹೆಚ್ಚಾಗಿವೆ. ಭಾನುವಾರ ಕ್ಯಾಮೆರಾ ಹಿಡಿದು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಊರ ಮಕ್ಕಳೂ ಬರುತ್ತಾರೆ, ಈ ಓಣಿಯವರು ಆ ತುದಿಗೆ, ಆ ಓಣಿಯವರು ಈ ತುದಿಗೆ. ಅವರಲ್ಲಿ ಜಗಳವಿಲ್ಲ, ಮಾತೂ ಇಲ್ಲ. ತವರಿಗೆ ಹೋದಾಗ ಏರಿಯ ಮೇಲೆ ನಿಂತು ನೋಡುತ್ತೇನೆ. ಹಕ್ಕಿಗಳ ಮಟ್ಟಿಗೆ ನಮ್ಮ ಕೆರೆ ಏನನ್ನೂ ಕಳೆದುಕೊಂಡಿಲ್ಲ. ಆದರೆ ಗೆಳತಿಗಾಗಿ ಮಾವನ ಮೇಲೆ ಕೈಯೆತ್ತಿ, ಅದೇ ಗಳಿಗೆಯಲ್ಲಿ ಮಾವನಿಗಾಗಿ ಗೆಳತಿಯ ಅಣ್ಣಂದಿರ ಏಟಿಗೆ ಬೆನ್ನು ಕೊಟ್ಟ ಹುಡುಗನಂಥವನನ್ನು ನಮ್ಮೂರು ಮತ್ತೆ ಕಂಡಿಲ್ಲ.